ನೀರು ತೆಗೆಯುವ ಕೈ

"ಏಯ್ ಸಾರ್ಕಿ ಮುಂಡೆ, ಮೆಟ್ಟಿಲು ಇಳೀಬೇಡ! ನಿನ್ನ ನೆರಳು ನೀರಿಗೆ ಬೀಳತ್ತೆ!"

ಪೂಜಾರಿ ಬಾಜೆ ಹೀಗೆ ಕೂಗಿದಾಗ ನಾನು ಸೀಸೆಯ ಮುಚ್ಚಳ ಹಿಡಿಯುವ ಬಗೆಯನ್ನು ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದೆ. ಗುಡಿಯ ಬಾವಿಯ ನೀರನ್ನು ಪರೀಕ್ಷೆಗೆ ಒಯ್ಯಲು ಕಠ್ಮಂಡುವಿನ ವಿಶ್ವವಿದ್ಯಾಲಯದಿಂದ ಬಂದಿದ್ದೆವು. ಅವರ ಸಂಶೋಧನೆಗೆ ನಾನೇ ಮೇಲ್ವಿಚಾರಕಿ. ಬಾಗಿಲಲ್ಲಿ ಬಾಜೆ ಎಲ್ಲರ ಹೆಸರು ಕೇಳಿದ್ದ. ದಿಲ್‌ಮಾಯಾ ಮಿಜಾರ್ ಎಂದಿದ್ದೆ. ನನ್ನಪ್ಪ ಚಪ್ಪಲಿ ಹೊಲಿಯುವ ಸಾರ್ಕಿ ಎಂದು ಆ ಅಡ್ಡಹೆಸರಿನಿಂದಲೇ ಅವನಿಗೆ ತಿಳಿದುಹೋಗಿತ್ತು.

ವಿಭಾಗದ ಮುಖ್ಯಸ್ಥ ಘಿಮಿರೆ ಸರ್ ನಕ್ಕರು. "ಅವಳು ಮುಟ್ಟಲ್ಲ ಬಾಜೆ, ನೀವು ತಲೆ ಕೆಡಿಸ್ಕೋಬೇಡಿ." ಆಮೇಲೆ ನನ್ನ ಕಡೆ ತಿರುಗಿ, "ನೀನು ದೊಡ್ಡ ಹುದ್ದೆಯವಳಮ್ಮ, ಕೈ ಯಾಕೆ ಒದ್ದೆ ಮಾಡ್ಕೋತೀಯ? ನಿಂತಲ್ಲಿಂದಾನೇ ಹೇಳು, ಮಕ್ಕಳು ಮಾಡ್ತಾರೆ" ಎಂದರು.

ನನ್ನ ಹುದ್ದೆಗೆ ಅಷ್ಟು ಗೌರವ ಸಿಕ್ಕಿದ್ದು ಅದೇ ಮೊದಲು.

ಬ್ರಾಹ್ಮಣರ ಹುಡುಗಿ ಸ್ಮೃತಿ ಪೌಡ್ಯಾಲ್ ಇಳಿದಳು. "ಮಿಸ್, ನಾನು ಮೊದಲ್ನೇ ಸಲ ತೆಗೀತಿರೋದು."

"ಮುಚ್ಚಳದ ಒಳಗಡೆ ಮುಟ್ಬೇಡ. ಸೀಸೆ ನಿಧಾನಕ್ಕೆ ಮುಳುಗ್ಸು. ನಾನಿಲ್ಲೇ ಇದೀನಿ."

ಚೆನ್ನಾಗಿಯೇ ತುಂಬಿದಳು. ಮರುದಿನ ಪ್ರಯೋಗಾಲಯದಲ್ಲಿ ಗಾಜಿನ ತಟ್ಟೆಗಳನ್ನು ನೋಡಿದರೆ ಕ್ರಿಮಿಗಳು ಗಿಜಿಗುಡುತ್ತಿದ್ದವು. ಗುಡಿಯವರು ಬಾವಿಯ ಮೇಲ್ಗಡೆ ಕಟ್ಟಿಸಿದ ಪಾಯಿಖಾನೆ ಬಾವಿಗೇ ಸೋರುತ್ತಿತ್ತು.

ಘಿಮಿರೆ ಸರ್ ನನ್ನನ್ನು ಕೋಣೆಗೆ ಕರೆಸಿದರು. ಪಟ್ಟಣದಲ್ಲಿ ಅವರು ಜಾತಿ ನೋಡುವವರಲ್ಲ. ನಾನು ಮಾಡಿದ ಚಹಾವನ್ನೇ ಕುಡಿಯುತ್ತಾ, "ತೀರ್ಥದಲ್ಲಿ ಹೇಲಿದೆ ಅಂತ ಬರೆದ್ರೆ ಅಲ್ಲಿ ಮುಖ ತೋರ್ಸೋದು ಹೇಗಮ್ಮ? ಹುಡುಗಿ ಕೈಯಿಂದಾನೇ ಕೊಳೆ ಸೇರಿದೆ ಅಂತ ಬರ್ದುಬಿಡು" ಎಂದರು.

"ಅವಳು ಸರಿಯಾಗೇ ತೆಗೆದಿದಾಳೆ ಸರ್. ನಾನು ನೋಡ್ತಾ ನಿಂತಿದ್ದೆ."

"ಇರ್ಬಹುದು. ಆದ್ರೆ ಅನುಮಾನ ಬಂದ್ಮೇಲೆ ಮೇಲ್ವಿಚಾರಕರೇ ಹೋಗಿ ಸ್ವಂತ ಕೈಯಿಂದ ತೆಗೀಬೇಕು. ನಿಯಮ. ನೀನಂತೂ ತೆಗೆಯೋ ಹಾಗಿಲ್ಲ. ಅಲ್ಲಿಗೆ ಮುಗೀತು, ಯಾರ ತಪ್ಪೂ ಅಲ್ಲ."

ಹೊರಗೆ ಸ್ಮೃತಿ ಗೋಡೆಗೆ ಒರಗಿ ನಿಂತಿದ್ದಳು. ಕಣ್ಣು ಕೆಂಪಾಗಿತ್ತು. ಒಳಗಿನ ಮಾತು ಅವಳಿಗೂ ಕೇಳಿಸಿತ್ತು.

"ಈ ನೀರು ಲೆಕ್ಕಕ್ಕಿಲ್ಲ ಅಂದ್ರೆ ನನ್ನ ಪ್ರಬಂಧ ನಿಂತುಹೋಗತ್ತೆ. ಈ ವರ್ಷ ಅದು ಮುಗೀದಿದ್ರೆ ಅಪ್ಪ ಓದು ಬಿಡ್ಸಿ ಮದುವೆ ಮಾಡ್ತಾರೆ ಮಿಸ್. ನಿಜ ಹೇಳಿ, ನನ್ನ ಕೈ ಕೊಳೆಯಾಗಿತ್ತಾ?"

ಅಂಗೈ ಚಾಚಿ ತೋರಿಸಿದಳು. ಆ ಪ್ರಶ್ನೆಯನ್ನು ಬ್ರಾಹ್ಮಣರ ಮಗಳೊಬ್ಬಳು ನನ್ನಲ್ಲಿ ಕೇಳುವ ದಿನ ಬರುತ್ತದೆಂದು ನನ್ನಪ್ಪ ಕನಸಿನಲ್ಲೂ ಎಣಿಸಿರಲಿಲ್ಲ.

"ಇಲ್ಲ ತಂಗಿ. ಮನೆಗೆ ಹೋಗಿ ಊಟ ಮಾಡು."

ಎಲ್ಲರೂ ಹೋದ ಮೇಲೆ ಖಾಲಿ ಸೀಸೆಗಳನ್ನು ಹಬೆಯಲ್ಲಿ ಬೇಯಿಸಿ, ಮುಚ್ಚಳಗಳಿಗೆ ಕಾಗದ ಸುತ್ತಿ ಚೀಲಕ್ಕೆ ಹಾಕಿದೆ. ಕಾವಲುಗಾರ ಇಣುಕಿ, "ಎಲ್ಲಿಗೆ ಹೊರಟ್ರಿ ಮಿಸ್?" ಎಂದ.

"ಎಲ್ಲಿಗೂ ಇಲ್ಲ ಅಣ್ಣ."

ನಸುಕಿನ ಬಸ್ಸು ಹಿಡಿದರೆ ಬೆಳಗಿನ ಪೂಜೆಗೆ ಗುಡಿಯಲ್ಲಿರಬಹುದು. ಬಾಜೆ ಇರುತ್ತಾನೆ, ಊರೂ ನೆರೆದಿರುತ್ತದೆ. ಕಿಟಕಿಯ ಬಳಿ ಕುಳಿತು ಹತ್ತೂ ಬೆರಳುಗಳ ಉಗುರು ಕತ್ತರಿಸಿಕೊಂಡೆ. ನೀರು ತೆಗೆಯುವವರ ಕೈ ಶುದ್ಧವಾಗಿರಬೇಕು. ಅದೂ ನಿಯಮವೇ.