ಹಸಿರು ಭರಣಿಯ ಉಪ್ಪು

ಅರಬ್ ನಾಡಿನ ಬಂದರು ಸೊಹಾರಿನ ಒಬ್ಬ ಹಿರಿಯ ವ್ಯಾಪಾರಿಗೆ ಹಳೆಯ ಪಾತ್ರೆಗಳ ಹುಚ್ಚು. ಅವರ ಮನೆಯಲ್ಲಿ ಪ್ರೇಮನಾಥನಿಗೆ ಇಪ್ಪತ್ತು ವರ್ಷದಿಂದ ಒಂದೇ ಕೆಲಸ, ಒಡೆದದ್ದನ್ನು ಕೂಡಿಸುವುದು. ಅವರ ತೋಟದ ಬಾವಿ ತೋಡುವಾಗ ಸಿಕ್ಕ ಚೀನೀ ಭರಣಿಯನ್ನು ನೂರನಲವತ್ತು ಚೂರುಗಳಿಂದ ಎಬ್ಬಿಸಿ ನಿಲ್ಲಿಸಿದವನು ಅವನೇ. ಸಾವಿರ ವರ್ಷದ ಹಿಂದೆ ಯಾರೋ ಕುಂಬಾರರು ಬೂದಿ ಬೆರೆಸಿದ ಹಸಿರು ಮೆರುಗು ಹಚ್ಚಿ, ಗುಡ್ಡದ ಇಳಿಜಾರಿನ ಉದ್ದನೆಯ ಗೂಡಿನಲ್ಲಿ ದಿನಗಟ್ಟಲೆ ಸೌದೆ ಒಟ್ಟಿ ಬೇಯಿಸಿದ್ದು. ಅಂಥ ಭರಣಿಗಳೊಳಗೆ ಬಟ್ಟಲುಗಳನ್ನು ಜೋಡಿಸಿ ಹಡಗಿಗೆ ಏರಿಸುತ್ತಿದ್ದರಂತೆ.

ಒಂದು ಬೆಳಿಗ್ಗೆ ಧೂಳು ಒರೆಸಲು ಹೋದಾಗ ಅದರ ಬುಡದಲ್ಲಿ ಮೆರುಗಿನ ಹಸಿರು ಪುಡಿ ಬಿದ್ದಿತ್ತು. ಪ್ರೇಮನಾಥ ಬೆರಳಿಗೆ ಅಂಟಿಸಿಕೊಂಡು ನಾಲಿಗೆಗೆ ಮುಟ್ಟಿಸಿದ. ಉಪ್ಪು.

ಕಡಲ ಕರೆಯ ಮಣ್ಣಲ್ಲಿ ಹೂತಿದ್ದ ಚೂರುಗಳನ್ನು ಕೂಡಿಸುವ ಮೊದಲು ಹೀರಿಕೊಂಡ ಉಪ್ಪು ಬಿಡುವವರೆಗೆ ತಿಂಗಳುಗಟ್ಟಲೆ ಸಿಹಿನೀರಿನಲ್ಲಿ ನೆನೆಹಾಕಬೇಕು. ಹನ್ನೊಂದು ವರ್ಷದ ಹಿಂದೆ ಇದನ್ನು ಕೂಡಿಸುವಾಗ ಯಜಮಾನರ ಮಗನ ಮದುವೆ, ಅತಿಥಿಗಳಿಗೆ ಭರಣಿ ತೋರಿಸುವ ಅವಸರ. ಅವನು ಹತ್ತೇ ದಿನಕ್ಕೆ ನೀರಿನಿಂದ ತೆಗೆದಿದ್ದ. ಯಾರಿಗೂ ಹೇಳಿರಲಿಲ್ಲ.

ಈಗ ಹೇಳಿದ. ಯಜಮಾನರು ಬೈಯಲಿಲ್ಲ. "ಉಳಿಯುತ್ತದಾ?" ಎಂದಷ್ಟೇ ಹಿಂದಿಯಲ್ಲಿ ಕೇಳಿದರು.

"ಬಿಡಿಸಿ ಮತ್ತೆ ನೆನೆಹಾಕಿ ನೋಡ್ತೇನೆ."

ಅಂಟು ಸಡಿಲಿಸಿ ಚೂರುಗಳನ್ನು ಬಿಡಿಸುವುದಕ್ಕೇ ಹದಿನೈದು ದಿನ ಹಿಡಿಯಿತು. ನೀರಿಗೆ ಹಾಕಿದ ಮೂರನೆಯ ದಿನ, ಒಳಗಿನ ಉಪ್ಪು ಆಗಲೇ ಎಬ್ಬಿಸಿಟ್ಟಿದ್ದ ಮೆರುಗು ಮೀನಿನ ಹುರುಪೆಯಂತೆ ಕಳಚಿ ತಳಕ್ಕಿಳಿಯತೊಡಗಿತು. ಚಿಮುಟದಿಂದ ಎತ್ತಿದರೆ ಪುಡಿಯಾಗುತ್ತಿತ್ತು.

ಮನೆಯ ಡ್ರೈವರ್ ಮುನಾಫ್ ಬಾಗಿಲಲ್ಲಿ ನಿಂತು ಹೇಳಿದ, "ಸಾಕು ಪ್ರೇಮಣ್ಣ. ನಿಮ್ಮ ಊಟ ಅಲ್ಲೇ ಉಂಟು, ಮುಟ್ಟಲೇ ಇಲ್ಲ."

"ಸಾವಿರ ವರ್ಷ ಮಣ್ಣಲ್ಲಿ ಇತ್ತು ಮಾರಾಯ, ಬಣ್ಣ ಹೋಗ್ಲಿಲ್ಲ. ನನ್ನ ಕೈಗೆ ಬಂದು ಹನ್ನೊಂದು ವರ್ಷ ಆಯ್ತು ಅಷ್ಟೆ."

ಮುನಾಫ್ ಊಟದ ತಟ್ಟೆ ಎತ್ತಿಕೊಂಡು ಹೋದ.

ತಿಂಗಳ ಕೊನೆಗೆ ನೀರು ಬಸಿದಾಗ ಉಳಿದದ್ದು ಬೂದುಬಣ್ಣದ ಒರಟು ಚೂರುಗಳು. ಅಂಚುಗಳು ಸವೆದು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಯಜಮಾನರು ಒಂದನ್ನು ಎತ್ತಿ ಎರಡೂ ಬದಿ ನೋಡಿದರು. "ಖಲಾಸ್," ಎಂದು ಮೆಲ್ಲಗೆ ಕೆಳಗಿಟ್ಟು ಹೊರಟುಹೋದರು.

ಮುನಾಫ್ ರಟ್ಟಿನ ಪೆಟ್ಟಿಗೆ ತಂದ. "ಮೇಲೆ ಏನು ಬರೀಬೇಕು?"

"ಏನೂ ಬೇಡ."

ಚೂರುಗಳ ನಡುವೆ ಹತ್ತಿ ಇಡುವುದು ಪ್ರೇಮನಾಥನ ಇಪ್ಪತ್ತು ವರ್ಷದ ರೂಢಿ. ಕೈ ತಾನಾಗಿ ಹತ್ತಿಯ ಕಡೆ ಹೋಯಿತು. ಅವನು ಕೈಯನ್ನು ಹಿಂದಕ್ಕೆಳೆದು, ಎಲ್ಲವನ್ನೂ ಒಟ್ಟಿಗೆ ಪೆಟ್ಟಿಗೆಗೆ ಸುರಿದ.