ಎಡಗಡೆಯ ಸ್ಪೀಕರ್

ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್.

ವನಮಾಲಾಗೆ ಎಚ್ಚರವಾದದ್ದು ಆ ಸದ್ದಿಗೆ. ನಲ್ಲಿ ಸರಿಯಾಗಿ ತಿರುಗಿಸಿಲ್ಲವೇನೋ ಅಂದುಕೊಂಡಳು. ಆದರೆ ಚೆಂಬೂರಿನ ಆ ಬಿಲ್ಡಿಂಗಿನಲ್ಲಿ ರಾತ್ರಿ ಒಂದೂವರೆಗೆ ತೊಟ್ಟಿಕ್ಕುವುದಕ್ಕಾದರೂ ನಲ್ಲಿಯಲ್ಲಿ ನೀರು ಎಲ್ಲಿಂದ ಬರಬೇಕು? ಪಕ್ಕದಲ್ಲಿ ಗಂಡನ ಹಾಸಿಗೆ ಖಾಲಿಯಿತ್ತು. ಎದ್ದು ಹಾಲಿನ ಬಾಗಿಲಿಗೆ ಬಂದಳು.

ರೆಕಾರ್ಡ್ ಮುಗಿದಿತ್ತು. ಮುಳ್ಳು ಕೊನೆಯ ಸುತ್ತಿನಲ್ಲೇ ಉಳಿದು, ತಟ್ಟೆ ಒಮ್ಮೆ ತಿರುಗಿದರೆ ಒಮ್ಮೆ ಟಕ್ ಎನ್ನುತ್ತಿತ್ತು. ಜಯಸಿಂಹ ಎರಡು ಸ್ಪೀಕರುಗಳ ನಡುವೆ ಚಾಪೆಯ ಮೇಲೆ ಬಲಮಗ್ಗುಲಾಗಿ ಮಲಗಿದ್ದ. ಬಲಗಿವಿ ದಿಂಬಿನಲ್ಲಿ ಹುದುಗಿತ್ತು. ನಿದ್ದೆ ಹತ್ತಿರಬೇಕು ಎಂದು ಹತ್ತಿರ ಹೋದರೆ ಕಣ್ಣು ತೆರೆದೇ ಇತ್ತು. ಗೋಡೆಯನ್ನು ನೋಡುತ್ತ, ಉಸಿರು ಬಿಗಿಹಿಡಿದು, ಏನನ್ನೋ ಕಾಯುತ್ತಿರುವವನಂತೆ ಮಲಗಿದ್ದ.

“ರೀ,” ಎಂದಳು. ಇನ್ನೊಮ್ಮೆ, “ರೀ.”

ಅವಳ ನೆರಳು ಗೋಡೆಯ ಮೇಲೆ ಬಿದ್ದಾಗಲೇ ಅವನು ಬೆಚ್ಚಿ ಎದ್ದು ಕುಳಿತದ್ದು.

“ಏನೇ, ಕಳ್ಳರ ಥರ ಬರ್ತೀಯಲ್ಲ!”

“ರೆಕಾರ್ಡ್ ಮುಗಿದು ಎಷ್ಟೋ ಹೊತ್ತಾಯ್ತು. ಮುಳ್ಳು ಸವೆಯಲ್ವಾ?”

“ಏನೋ ಯೋಚನೆ ಮಾಡ್ತಿದ್ದೆ.” ಮುಳ್ಳಿನ ತೋಳನ್ನು ಎತ್ತಿ ಅದರ ಜಾಗಕ್ಕೆ ಸೇರಿಸಿದ. “ಎಡಗಡೆ ಇನ್ನೂ ಸ್ವರ ಕಮ್ಮಿ ಕಣೇ. ಎಲ್ಲೋ ತೂಕ ತಪ್ಪಿದೆ. ಹೋಗು, ಮಲಕ್ಕೋ.”

ಆ ಟರ್ನ್‌ಟೇಬಲ್ ಮನೆಗೆ ಬಂದು ಮೂರು ವಾರವಾಗಿತ್ತು. ಎಂಬತ್ತೇಳನೇ ಇಸವಿ, ಊರೆಲ್ಲ ಕ್ಯಾಸೆಟ್ಟಿಗೆ ತಿರುಗಿತ್ತು. ಕಾರ್ಖಾನೆಯ ಪಾರ್ಸಿ ಅಧಿಕಾರಿಯೊಬ್ಬರು ನಿವೃತ್ತರಾಗಿ ಹೊರಟಾಗ, ಜಪಾನಿನ ಆ ಯಂತ್ರವನ್ನು ಎರಡು ಸ್ಪೀಕರುಗಳ ಸಮೇತ ಇವನಿಗೆ ಕೊಟ್ಟಿದ್ದರು. ಹಾರ್ಬರ್ ಲೈನಿನಲ್ಲಿ ಲೋಕಲ್ ರೈಲು ಹೋದಾಗಲೆಲ್ಲ ಮುಳ್ಳು ನಡುಗುತ್ತದೆಂದು, ಜಯಸಿಂಹ ಒಂದು ಕಡಪಾ ಕಲ್ಲು ತಂದು, ಅದರಡಿ ಅರ್ಧಕ್ಕೆ ಕತ್ತರಿಸಿದ ರಬ್ಬರ್ ಚೆಂಡುಗಳನ್ನಿಟ್ಟು, ಮೇಲೆ ಯಂತ್ರವನ್ನು ಕೂರಿಸಿದ. ಕಾರ್ಖಾನೆಯಿಂದ ರಸಮಟ್ಟ ತಂದು ತಟ್ಟೆಯ ಮೇಲಿಟ್ಟು ಗುಳ್ಳೆ ನಡುವಿಗೆ ಬರುವವರೆಗೆ ಕಾಲುಗಳನ್ನು ತಿರುಗಿಸಿದ. ಮುಳ್ಳು ರೆಕಾರ್ಡಿನ ಮೇಲೆ ಒಂದೂವರೆ ಗ್ರಾಮಿನಷ್ಟೇ ಊರಬೇಕಂತೆ. ಚೌಕದ ಐದು ಪೈಸೆ ಸರಿಯಾಗಿ ಒಂದೂವರೆ ಗ್ರಾಂ ಇರುವುದನ್ನು ಲ್ಯಾಬಿನಲ್ಲಿ ತೂಗಿ ನೋಡಿಕೊಂಡು ಬಂದ. ವನಮಾಲಾಳ ಹೊಲಿಗೆ ಡಬ್ಬಿಯ ಸ್ಕೇಲು ಕತ್ತರಿಸಿ ತಕ್ಕಡಿ ಮಾಡಿದ. ಒಂದು ತುದಿಗೆ ನಾಣ್ಯ, ಇನ್ನೊಂದು ತುದಿಗೆ ಮುಳ್ಳು; ತೋಳಿನ ಹಿಂದಿನ ಬಿಲ್ಲೆಯನ್ನು ಕೂದಲೆಳೆಯಷ್ಟು ತಿರುಗಿಸುತ್ತ ದಿನಕ್ಕೆರಡು ಸಲ ತೂಗುತ್ತಿದ್ದ. ಆದರೂ ಎಡಗಡೆ ಸ್ವರ ಕಮ್ಮಿ.

ವನಮಾಲಾಗೆ ಎಡಗಡೆಯೂ ಬಲಗಡೆಯೂ ಒಂದೇ ಥರ ಕೇಳುತ್ತಿತ್ತು. ಹಾಗೆಂದು ಅವಳು ಹೇಳಿರಲಿಲ್ಲ. ಇಂಥ ಇನ್ನೂ ಕೆಲವನ್ನು ಅವಳು ಕೆಲವು ತಿಂಗಳಿಂದ ಬಾಯಿಬಿಡದೆ ಗಮನಿಸುತ್ತಿದ್ದಳು. ಕರೆಗಂಟೆ ಎರಡು ಸಲ ಬಾರಿಸಬೇಕಾಗುತ್ತಿತ್ತು. ಮಾತಾಡುವಾಗ ಅವನು ಬಲಗೆನ್ನೆಯನ್ನು ಮುಂದೆ ತರುತ್ತಿದ್ದ. ಕುಕ್ಕರ್ ಮೂರು ಸಲ ಕೂಗಿದ ಮೇಲೆ ‘ಅನ್ನ ಆಗಲಿಲ್ವಾ’ ಎಂದು ಕೇಳುತ್ತಿದ್ದ. ಆಡಿದರೆ ನಿಜವಾಗಿಬಿಡುತ್ತದೆ ಎಂಬ ಭಯ ಅವಳಿಗೆ.

ಅವನ ಕೆಲಸ ನಿಂತಿದ್ದೇ ಕಿವಿಯ ಮೇಲೆ. ಕಾರ್ಖಾನೆಯಲ್ಲಿ ಗಾಳಿ ಒತ್ತುವ ದೊಡ್ಡ ಯಂತ್ರಗಳಿರುವ ಕಂಪ್ರೆಸರ್ ಹೌಸಿನಲ್ಲಿ ಹದಿನಾರು ವರ್ಷ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲೊತ್ತಿ, ಹಿಡಿಯನ್ನು ಎಡಗಿವಿಗಿಟ್ಟುಕೊಂಡು, ಓಡುತ್ತಿರುವ ಯಂತ್ರದ ಒಳಗಿನ ನೋವನ್ನು ಹೇಳಿಬಿಡುತ್ತಿದ್ದ. “ಬಲಗಿವಿ ಮನುಷ್ಯರಿಗೆ, ಎಡಗಿವಿ ಮಷೀನಿಗೆ,” ಎಂಬುದು ಅವನ ಹಳೆಯ ತಮಾಷೆ. ಎರಡು ತಿಂಗಳ ರಿಪೇರಿಯ ನಂತರ ದೊಡ್ಡ ಕಂಪ್ರೆಸರನ್ನು ಬರುವ ಬುಧವಾರ ಮತ್ತೆ ಚಾಲೂ ಮಾಡುವವರಿದ್ದರು. ನಾಲ್ಕು ಜನ ಅದರ ಪಕ್ಕ ನಿಂತಿರುತ್ತಾರೆ. ಇವನು ಕೇಳಿ ‘ಸರಿಯಿದೆ’ ಎಂದರೆ ವೇಗ ಏರಿಸುತ್ತಾರೆ. ಸರಿಯಿಲ್ಲದ್ದನ್ನು ಇವನು ಸರಿಯಿದೆ ಎಂದು, ಯಂತ್ರ ಸಿಡಿದರೆ? ಆ ನಾಲ್ವರಲ್ಲಿ ರಮಾನಾಥನೆಂಬ ಹುಡುಗನಿಗೆ ಮುಂದಿನ ತಿಂಗಳು ಮದುವೆ. ಲಗ್ನಪತ್ರಿಕೆ ಇವರ ಮನೆಯ ಕ್ಯಾಲೆಂಡರಿನ ಹಿಂದೆಯೇ ಸಿಕ್ಕಿಸಿತ್ತು.

ಭಾನುವಾರ ಬೈಕುಲ್ಲಾದಿಂದ ಶೆಟ್ಟೆಪ್ಪ ಬಂದ. ವಿಜಾಪುರದ ಕಡೆಯವನು, ರೇಡಿಯೋ ರಿಪೇರಿಯ ಪುಟ್ಟ ಅಂಗಡಿ ಇಟ್ಟುಕೊಂಡಿದ್ದವನು. ಯಂತ್ರದ ಮುಚ್ಚಳ ತೆಗೆದವನೇ ಬಾಯಿಗೆ ಕೈ ಅಡ್ಡ ಹಿಡಿದ.

“ಯಪ್ಪಾ! ಸಾಹೇಬ್ರ, ಇಲ್ಲಿ ನೋಡ್ರಿ. ಅಕ್ಕಾರು ಮಷೀನಿಗೆ ಲಗ್ನಾನ ಮಾಡ್ಯಾರ!”

ಗುರುವಾರದ ಆಯುಧಪೂಜೆಯಲ್ಲಿ ವನಮಾಲಾ ಇಟ್ಟ ಗಂಧ ಕುಂಕುಮ ತೋಳಿನ ತುದಿಯಲ್ಲಿ, ಮುಳ್ಳಿನ ನೆತ್ತಿಯ ಮೇಲೆ, ಒಣಗಿ ಕೂತಿತ್ತು. ಒಂದು ಅಕ್ಷತೆಯ ಕಾಳೂ ಅಂಟಿಕೊಂಡಿತ್ತು.

“ಒಂದು ಬೊಟ್ಟು ಇಟ್ಟೆ ಅಷ್ಟೆ,” ಎಂದಳು ವನಮಾಲಾ. “ಸ್ಕೂಟರಿಗೂ ಇಟ್ಟಿದ್ದೆ, ಕುಕ್ಕರಿಗೂ ಇಟ್ಟಿದ್ದೆ.”

“ಕುಕ್ಕರ್ ಬರೇ ಸೀಟಿ ಹೊಡೀತೈತ್ರಿ ಅಕ್ಕಾರ. ಇದು ವೀಣಿ ನುಡಸಬೇಕು. ಇಷ್ಟು ಭಾರ ತಲೀ ಮ್ಯಾಲ ಹೊತ್ತರ ತೋಳು ಏನ್ ಮಾಡೀತು ಪಾಪ!”

ಜಯಸಿಂಹ ಗಟ್ಟಿಯಾಗಿ, ಬೇಕಾದದ್ದಕ್ಕಿಂತ ಗಟ್ಟಿಯಾಗಿ ನಕ್ಕ. “ಅದಕ್ಕೇ ಮತ್ತೆ! ಮೂರು ವಾರದಿಂದ ನಾನು ತಲೆ ಕೆಡಿಸ್ಕೊಂಡು ಕೂತಿದೀನಿ. ಬಿ.ಎ. ಓದಿದ ಹೆಂಡತಿ ನೋಡಪ್ಪ, ಮುಳ್ಳಿಗೆ ಕುಂಕುಮ ಇಡ್ತಾಳೆ!”

ಪೂಜೆಯಾಗಿ ಮೂರೇ ದಿನ ಆಗಿತ್ತು. ಆ ಮಾತು ವನಮಾಲಾಳ ನಾಲಿಗೆಯ ತುದಿಗೆ ಬಂತು. ದಿನಕ್ಕೆರಡು ಸಲ ತೂಗುವವನಿಗೆ ಈ ಕೆಂಪು ಬೊಟ್ಟು ಮೂರು ದಿನ ಕಾಣಲೇ ಇಲ್ಲವೇ? ಕಂಡೂ ಬಿಟ್ಟಿದ್ದನೇ? ಗಂಡನ ಮುಖ ನೋಡಿದಳು. ಅಷ್ಟು ಹಗುರವಾದ ಮುಖವನ್ನು ಅವಳು ಬಹಳ ದಿನದಿಂದ ಕಂಡಿರಲಿಲ್ಲ. “ನನ್ನದೇ ತಪ್ಪು,” ಎಂದು ಒಳಗೆ ಹೋದಳು.

ಶೆಟ್ಟೆಪ್ಪ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಬೊಟ್ಟನ್ನು ಒರೆಸಿದ. ಸ್ಪೀಕರುಗಳ ತಂತಿ ಬಿಚ್ಚಿ, ತುದಿಗಳನ್ನು ಉಜ್ಜಿ, ಐದು ಪೈಸೆ ಇಟ್ಟು ತೂಕ ಸರಿಮಾಡಿದ. ವೀಣೆಯ ಎಲ್.ಪಿ. ಹಾಕಿ ಮುಳ್ಳು ಇಳಿಸಿ, ಕೈ ತೊಳೆಯಲು ಬಚ್ಚಲಿಗೆ ಹೋದ. ಜಯಸಿಂಹ ಚಾಪೆಯ ನಡುವೆ ಚಕ್ಕಳಮಕ್ಕಳ ಹಾಕಿ ಕಣ್ಣು ಮುಚ್ಚಿದ.

“ಆಹಾ! ಈಗ ನೋಡು. ಎರಡೂ ಕಡೆ ಸಮಸಮ,” ಎಂದ.

ಕಾಫಿ ತಂದ ವನಮಾಲಾ ಲೋಟವನ್ನು ಎಡಗಡೆಯ ಸ್ಪೀಕರಿನ ಪಕ್ಕದ ಸ್ಟೂಲಿನ ಮೇಲಿಡಲು ಬಗ್ಗಿದಳು. ಸ್ಪೀಕರಿನಿಂದ ಏನೂ ಬರುತ್ತಿರಲಿಲ್ಲ. ಕಿವಿಯನ್ನು ಅದರ ಮುಂದಿನ ಬಟ್ಟೆಗೆ ತಾಗುವಷ್ಟು ಹತ್ತಿರ ಒಯ್ದಳು. ಇಲ್ಲ. ವೀಣೆಯೆಲ್ಲ ಬಲಗಡೆಯಿಂದಲೇ ಬರುತ್ತಿತ್ತು. ಹಿಂದೆ ನೋಡಿದರೆ, ಶೆಟ್ಟೆಪ್ಪ ಮತ್ತೆ ಸಿಕ್ಕಿಸಲು ಮರೆತ ತಂತಿ ನೆಲದ ಮೇಲೆ, ಪೂಜೆಯ ಚೆಂಡುಹೂವಿನ ಒಂದು ಎಸಳಿನ ಪಕ್ಕದಲ್ಲಿ, ಸುಮ್ಮನೆ ಬಿದ್ದಿತ್ತು.

“ಸಮಸಮ,” ಎಂದು ಜಯಸಿಂಹ ಕಣ್ಣು ಮುಚ್ಚಿಕೊಂಡೇ ತೊಡೆ ತಟ್ಟಿ ತಾಳ ಹಾಕಿದ.

ಅವಳು ಲೋಟವನ್ನು ಸ್ಟೂಲಿನ ಮೇಲಿಟ್ಟಳು. ಮೊನ್ನೆ ರಾತ್ರಿ ಬಲಗಿವಿಯನ್ನು ದಿಂಬಿಗೊತ್ತಿ ಅವನು ಏನು ಮಾಡುತ್ತಿದ್ದನೆಂದು ಆಗ ತಿಳಿಯಿತು. ಅವನು ತೂಗುತ್ತಿದ್ದದ್ದು ಮುಳ್ಳನ್ನಲ್ಲ, ಎಡಗಿವಿಯಲ್ಲಿ ಕೇಳುವ ಶಕ್ತಿ ಎಷ್ಟು ಉಳಿದಿದೆ ಎಂಬುದನ್ನು. ಅವನಿಗೆ ಎಲ್ಲ ಗೊತ್ತು. ಗೊತ್ತಿದ್ದೂ ಬುಧವಾರ ಆ ಯಂತ್ರಕ್ಕೆ ಕಿವಿಯಿಡಲು ಹೊರಟಿದ್ದಾನೆ.

ಶೆಟ್ಟೆಪ್ಪ ಅವಸರದಲ್ಲಿ ಬಂದು, ಬಾಗಿಲಲ್ಲೇ ನಿಂತು ಕಾಫಿ ಗಟಗಟನೆ ಕುಡಿದು, ದಾದರಿನಲ್ಲಿ ಇನ್ನೊಂದು ಕೆಲಸ ಇದೆಯೆಂದು ಚೀಲ ಹೆಗಲಿಗೇರಿಸಿದ. “ಮುಂದಿನ ಸಲ ಬೊಟ್ಟು ಮುಚ್ಚಳಕ್ಕ ಇಡ್ರಿ ಅಕ್ಕಾರ, ದೇವರು ಏನೂ ಅನ್ನಂಗಿಲ್ಲ,” ಎಂದು ನಗುತ್ತ ಮೆಟ್ಟಿಲಿಳಿದ. ತಂತಿಯ ವಿಷಯ ಅವನಿಗೂ ಅವಳು ಹೇಳಲಿಲ್ಲ.

ಆ ರಾತ್ರಿ ಅವಳು ಮನಸ್ಸಿನಲ್ಲೇ ವಾಕ್ಯಗಳನ್ನು ಕಟ್ಟಿದಳು, ಕೆಡವಿದಳು. ‘ನಿಮ್ಮ ಕಿವಿ’ ಎಂದು ಶುರುವಾದದ್ದು ಯಾವುದೂ ಮುಂದೆ ಸಾಗಲಿಲ್ಲ. ಹದಿನಾರು ವರ್ಷ ಇವನನ್ನು ಎತ್ತಿ ನಿಲ್ಲಿಸಿದ ಒಂದೇ ಹೆಮ್ಮೆಯನ್ನು ತಾನು ಕಿತ್ತುಕೊಳ್ಳುವುದು ಹೇಗೆ? ಕಿತ್ತುಕೊಳ್ಳದಿದ್ದರೆ ಆ ಲಗ್ನಪತ್ರಿಕೆಯನ್ನು ನೋಡುವುದು ಹೇಗೆ? ಕೊನೆಗೆ ಒಂದು ಗಡುವು ಹಾಕಿಕೊಂಡಳು. ಮಂಗಳವಾರ ಸಂಜೆಯವರೆಗೆ ಅವನಾಗಿಯೇ ಏನಾದರೂ ಮಾಡದಿದ್ದರೆ, ಕೆಳಗಿನ ದಿನಸಿ ಅಂಗಡಿಯಿಂದ ಕಾರ್ಖಾನೆಗೆ ಫೋನ್ ಮಾಡುವುದು. ಆಮೇಲೆ ಅವನು ತನ್ನನ್ನು ಮಾತಾಡಿಸದಿದ್ದರೂ ಸರಿ. ತಂತಿಯನ್ನು ಮುಟ್ಟಲಿಲ್ಲ.

ಸೋಮವಾರ ಅವನು ಮೊದಲ ಪಾಳಿಗೆ ಹೋದ ಮೇಲೆ ಕಸ ಗುಡಿಸುತ್ತ ಎಡಗಡೆಯ ಸ್ಪೀಕರಿನ ಹಿಂದೆ ಬಗ್ಗಿದಳು. ತಂತಿ ಸ್ಪೀಕರಿಗೆ ಸೇರಿತ್ತು. ಸ್ಕ್ರೂ ಬಿಗಿಯಾಗಿತ್ತು. ಚೆಂಡುಹೂವಿನ ಎಸಳು ಮಾತ್ರ ಅಲ್ಲೇ ಬಿದ್ದಿತ್ತು.

ಪೊರಕೆ ಹಿಡಿದುಕೊಂಡೇ ನೆಲದ ಮೇಲೆ ಕುಳಿತುಬಿಟ್ಟಳು. ಅವನು ನೋಡಿದ್ದಾನೆ. ಸತ್ತ ಸ್ಪೀಕರಿನ ಮುಂದೆ ಕುಳಿತು ಸಮಸಮ ಎಂದು ತಾಳ ಹಾಕಿದ್ದು ಅವನಿಗೆ ಗೊತ್ತಾಗಿದೆ. ಆ ಮೂಲೆ ಗುಡಿಸುವವಳು ತಾನು, ಬಿದ್ದ ತಂತಿ ತನಗೂ ಕಂಡಿರಬಹುದು ಎಂಬುದೂ ಅವನಿಗೆ ಗೊತ್ತು.

ಸಂಜೆ ಬಂದವನು ಬೂಟು ಬಿಚ್ಚುತ್ತ, ಅವಳ ಕಡೆ ನೋಡದೆ ಕೇಳಿದ.

“ವನಮಾಲಾ, ನೈಟ್ ಶಿಫ್ಟ್ ಇದ್ದಾಗ ನಿನಗೆ ಒಬ್ಬಳೇ ಇರೋಕೆ ಭಯ ಆಗುತ್ತೆ, ಅಲ್ವಾ?”

ಮದುವೆಯಾದಂದಿನಿಂದ ಅವಳು ಎಷ್ಟೋ ವಿಷಯಕ್ಕೆ ಹೆದರಿದ್ದಳು. ಇದಕ್ಕೆ ಮಾತ್ರ ಎಂದೂ ಹೆದರಿರಲಿಲ್ಲ.

“ಹೂಂ,” ಎಂದಳು. “ತುಂಬ ಭಯ ಆಗುತ್ತೆ.”

“ಅದನ್ನೇ ಕಾರಣ ಅಂತ ಬರೆದುಕೊಟ್ಟು ವರ್ಗ ಕೇಳಿದೆ. ನಾಳೆಯಿಂದ ಡ್ರಾಯಿಂಗ್ ಆಫೀಸು, ಬರೀ ಹಗಲು ಕೆಲಸ. ಬುಧವಾರಕ್ಕೆ ಬರೋಡಾದಿಂದ ಯಾರನ್ನೋ ಕರೆಸ್ತಾರಂತೆ.” ಬೂಟಿನ ಲಾಡಿ ಗಂಟಾಗಿತ್ತು, ಅದನ್ನೇ ಬಿಡಿಸುತ್ತಿದ್ದ. “ರಮಾನಾಥ ಏನಂದ ಗೊತ್ತಾ? ‘ಏನ್ ಸಾರ್, ಹೆಂಡ್ತಿ ಸೆರಗು ಹಿಡ್ಕೊಂಡು ಹೊರಟ್ರಲ್ಲ’ ಅಂದ.”

“ಅನ್ನಲಿ ಬಿಡಿ.”

“ಯಾರಾದ್ರೂ ಬಂದು ನಿನ್ನ ಕೇಳಿದ್ರೆ…”

“ನನಗೇ ಭಯ ಅಂತೀನಿ.”

ಅವನು ತಲೆಯಾಡಿಸಿದ. ಎದ್ದು ಹೋಗಿ ವೀಣೆಯ ರೆಕಾರ್ಡ್ ಹಾಕಿ ಚಾಪೆಯ ಮೇಲೆ ಕುಳಿತ. ವನಮಾಲಾ ಅವನ ಎಡಕ್ಕೆ ಕೂರಲು ಹೋದವಳು ತಡೆದು, ಬಲಕ್ಕೆ ಬಂದು ಕುಳಿತಳು. ಅವನು ಅವಳ ಕಡೆ ನೋಡಲಿಲ್ಲ, ಆದರೆ ಸ್ವಲ್ಪ ಸರಿದು ಜಾಗ ಬಿಟ್ಟ.

ನಾಳೆ ಮೆಟ್ಟಿಲ ಮೇಲೆ ಎದುರುಮನೆಯ ವಿನೋದಿನಿ ಖಂಡಿತ ಕೇಳುತ್ತಾಳೆ. ನಗುತ್ತಾಳೆ ಕೂಡ. ದೀಪಾವಳಿಗೆ ಮೈಸೂರಿಗೆ ಹೋದರೆ ಅಮ್ಮ ಕೇಳುತ್ತಾಳೆ, ಅಂಜುಬುರುಕಿಯನ್ನು ಕಟ್ಟಿಕೊಂಡು ಅಳಿಯಂದಿರ ಕೆಲಸ ಹಿಂದೆ ಬಿತ್ತಲ್ಲ ಎಂದು ಬೈಯುತ್ತಾಳೆ. ಬೈಯಲಿ. ನೆಲದ ಮೇಲೆ ಬಿದ್ದಿದ್ದ ಆ ತಂತಿಯ ಮಾತನ್ನು ಅಮ್ಮನಿಗಾಗಲಿ, ವಿನೋದಿನಿಗಾಗಲಿ, ಪಕ್ಕದಲ್ಲಿ ಕುಳಿತ ಇವನಿಗೇ ಆಗಲಿ, ಎಂದೂ ಹೇಳಬಾರದೆಂದು ಅವಳು ನಿರ್ಧರಿಸಿದಳು.