ಉಗುರಿನಷ್ಟಗಲದ ಸಿಲಿಕಾನ್

ಬೆಳಗಾವಿಯ ಶಿವಬಸವ ನಗರದ ಒಂದು ಮನೆಯ ಮುಂಗೋಣೆಗಳಲ್ಲಿ ಬಸಲಿಂಗಪ್ಪನವರ ಕಂಪನಿ ನಡೆಯುತ್ತಿತ್ತು. ದೊಡ್ಡ ಮೋಟಾರುಗಳಿಗೆ ಹೋಗುವ ಕರೆಂಟನ್ನು ತಡೆದು, ಬೇಕಾದಷ್ಟೇ ಬಿಡುವ ಸಿಲಿಕಾನ್ ಚಿಪ್‌ಗಳ ವಿನ್ಯಾಸ ಮಾಡುವುದು ಅಲ್ಲಿಯ ಕೆಲಸ. ಚಿಪ್ ತಯಾರಾಗುತ್ತಿದ್ದದ್ದು ಬೆಂಗಳೂರಿನಲ್ಲಿ. ಅದರೊಳಗೆ ಕರೆಂಟು ಯಾವ ದಾರಿ ಹಿಡಿಯಬೇಕೆಂಬುದು ಮಾತ್ರ ಇಲ್ಲಿ ತೀರ್ಮಾನವಾಗುತ್ತಿತ್ತು.

ಎಂಬತ್ತಮೂರನೇ ಇಸವಿಯಲ್ಲಿ ಬದರುನ್ನಿಸಾ ಅಲ್ಲಿ ಕೆಲಸಕ್ಕೆ ಸೇರಿದಳು. ಐಟಿಐಯಲ್ಲಿ ಡ್ರಾಫ್ಟಿಂಗ್ ಕಲಿತವಳು. ಬಸಲಿಂಗಪ್ಪನವರು ಲೆಕ್ಕ ಹಾಕಿ ಕೊಟ್ಟ ನಕ್ಷೆಯನ್ನು ಮೇಜಿನಗಲದ ಕೆಂಪು ಫಿಲ್ಮಿನ ಮೇಲೆ ಚಾಕುವಿನಿಂದ ಕೊಯ್ದು, ಬೇಡದ ಭಾಗವನ್ನು ಸುಲಿದು ತೆಗೆಯಬೇಕಿತ್ತು. ಆಮೇಲೆ ಅದರ ಫೋಟೋ ತೆಗೆದು, ಕುಗ್ಗಿಸಿ ಕುಗ್ಗಿಸಿ ಉಗುರಿನಷ್ಟು ಮಾಡಿ ಸಿಲಿಕಾನಿನ ಮೇಲೆ ಮೂಡಿಸುತ್ತಾರೆಂದು ಅವರು ತಿಳಿಸಿ ಹೇಳಿದ್ದರು. ಬದರುನ್ನಿಸಾ ತಲೆಯಾಡಿಸಿದ್ದಳು, ಆದರೆ ನಂಬಿಕೆ ಬಂದಿರಲಿಲ್ಲ. ಮನೆಯಲ್ಲಿ ತಾಯಿ ರಾಜಬೀ ದಿನವಿಡೀ ಏನು ಮಾಡುತ್ತೀ ಎಂದು ಕೇಳಿದರೆ, ಕೆಂಪು ಹಾಳೆ ಕತ್ತರಿಸುತ್ತೇನೆ ಎಂದಷ್ಟೇ ಹೇಳುತ್ತಿದ್ದಳು.

ಮೊದಲು ಬಂದ ಚಿಪ್‌ಗಳು ಉಳಿಯಲಿಲ್ಲ. ಪರೀಕ್ಷೆಗೆ ಹಚ್ಚಿ ವೋಲ್ಟೇಜು ಏರಿಸುತ್ತಿದ್ದಂತೆ ಒಂದೊಂದೇ ಚಟ್ಟೆಂದು ಸುಟ್ಟವು. ಬಸಲಿಂಗಪ್ಪನವರು ಸುಟ್ಟ ಚಿಪ್ ಒಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಅವಳನ್ನು ಕರೆದರು.

ಬದರುನ್ನಿಸಾ ಕಣ್ಣಿಟ್ಟು ನೋಡಿದಳು. ತಾನು ಕೊಯ್ದ ಗೆರೆಗಳೇ! ಬಾಚಣಿಗೆಯ ಹಲ್ಲಿನಂಥ ಸಾಲು, ನಡುವಿನ ಓಣಿಗಳು, ಅಂಚಿನ ಚೌಕಟ್ಟು ಎಲ್ಲವೂ ಬೆಳ್ಳಗೆ ಹೊಳೆಯುತ್ತಿದ್ದವು. ಚೌಕಟ್ಟಿನ ಒಂದು ಮೂಲೆಯಲ್ಲಿ ಮಾತ್ರ ಕರಿ ಕಲೆ.

“ಮೂಲಿ ಚೂಪ್ ಇದ್ದಲ್ಲೇ ವೋಲ್ಟೇಜ್ ಜೋರ್ ಬೀಳತೈತಿ, ಅಲ್ಲೇ ಒಡದೈತಿ,” ಅಂದರು ಬಸಲಿಂಗಪ್ಪ. “ನಾ ಹಾಕಿದ ನಕ್ಷೇನ ತಪ್ಪು. ಮೂಲಿ ಎಲ್ಲಾ ದುಂಡಗ ಮಾಡೂಣು.”

ಹೊಸ ನಕ್ಷೆ ಬಂತು. ನೇರ ಗೆರೆಗೆ ಅಳತೆಪಟ್ಟಿ ಆಸರೆಯಾಗುತ್ತದೆ. ಬಾಗಿದ ಗೆರೆಯಲ್ಲಿ ಚಾಕು ಜಾರಿದರೆ ಇಡೀ ಫಿಲ್ಮೇ ಹಾಳು. ಎರಡು ಸಲ ಹಾಳೂ ಆಯಿತು. ಬದರುನ್ನಿಸಾ ಫ್ಯಾನು ನಿಲ್ಲಿಸಿ, ಬೆವರು ಫಿಲ್ಮಿನ ಮೇಲೆ ಬೀಳದಂತೆ ಹಣೆಗೆ ಬಟ್ಟೆ ಕಟ್ಟಿಕೊಂಡು, ಮತ್ತೆ ಮೊದಲಿನಿಂದ ಕೊಯ್ದಳು. ಈಗ ಆ ಓಣಿಗಳು ಅವಳಿಗೆ ಬರೀ ಗೆರೆಗಳಾಗಿರಲಿಲ್ಲ.

ಆ ಸಲದ ಚಿಪ್‌ಗಳು ಪರೀಕ್ಷೆಯಲ್ಲಿ ಉಳಿದವು. ಅವನ್ನು ಕೂಡಿಸಿದ ಪೆಟ್ಟಿಗೆಯೊಂದನ್ನು ಖಾನಾಪುರದ ಹಂಚಿನ ಕಾರ್ಖಾನೆಗೆ ಒಯ್ಯುವ ದಿನ ಬಸಲಿಂಗಪ್ಪನವರು ಅವಳನ್ನೂ ಬರಹೇಳಿದರು.

ಹಸಿ ಹಂಚು ಒಣಗಿಸಲು ಗಾಳಿ ಊದುವ ಯಂತ್ರ ಅಲ್ಲಿತ್ತು. ಆಳೆತ್ತರದ ಅದರ ಚಕ್ರ ತಿರುಗುವುದು ಪೂರ್ತಿ ವೇಗದಲ್ಲಿ, ಇಲ್ಲದಿದ್ದರೆ ಇಲ್ಲ. ಚಾಲೂ ಮಾಡುವಾಗಲೆಲ್ಲ ಕಾರ್ಖಾನೆಯ ದೀಪಗಳು ಮಂಕಾಗುತ್ತಿದ್ದವು, ಬೆಲ್ಟು ಹರಿಯುವುದೂ ಇತ್ತು. ಬಿರುಗಾಳಿಗೆ ಹಂಚುಗಳು ಬಿರಿಯುತ್ತಿದ್ದವು. ಮಾಲೀಕ ಕಲ್ಲಯ್ಯನವರು ಪೆಟ್ಟಿಗೆ ತೆರೆಸಿ ಚಿಪ್ ಎಲ್ಲಿದೆ ಎಂದು ವಿಚಾರಿಸಿದರು. ತೋರಿಸಿದಾಗ ಅವರ ಮುಖದಲ್ಲಿ ಅನುಮಾನವೇ ಹೆಚ್ಚಾಯಿತು.

“ಈ ಚೂರು ಆ ಚಕ್ರಾನ ತಡೀತೈತೇನ್ರಿ?” ಎಂದರು.

ಬಸಲಿಂಗಪ್ಪ ಬದರುನ್ನಿಸಾಳ ಕಡೆ ತಿರುಗಿ, “ನೀನ ತಿರುವವ್ವಾ,” ಎಂದರು.

ಮೋಟಾರಿಗೆ ಜೋಡಿಸಿದ ಆ ಪೆಟ್ಟಿಗೆಯ ಗುಂಡಿಯನ್ನು ಅವಳು ತುಸುವೇ ತಿರುವಿದಳು. ಮೋಟಾರು ಸಣ್ಣಗೆ ಗುಂಯ್‌ಗುಟ್ಟಿತು. ಚಕ್ರ ನಿದ್ದೆಯಿಂದ ಏಳುವವರಂತೆ ನಿಧಾನಕ್ಕೆ ಮಗ್ಗುಲು ಬದಲಿಸಿ ತಿರುಗತೊಡಗಿತು. ದೀಪಗಳು ಮಿಸುಕಲಿಲ್ಲ. ಇನ್ನಷ್ಟು ತಿರುವಿದಳು, ಗಾಳಿ ಹಂಚಿನ ಸಾಲಿನೊಳಗೆ ಹರಿಯಿತು. ಹಿಂದಕ್ಕೆ ತಿರುವಿದಳು, ಅಷ್ಟು ದೊಡ್ಡ ಚಕ್ರ ಅವಳ ಎರಡು ಬೆರಳಿನ ಮಾತು ಕೇಳಿ ಶಾಂತವಾಯಿತು.

ಹಂಚು ಜೋಡಿಸುತ್ತಿದ್ದ ಹೆಂಗಸರು ಕೆಲಸ ಬಿಟ್ಟು ನಿಂತಿದ್ದರು. ಅವರಲ್ಲಿ ಹಿರಿಯಳಾದ ಸಾತವ್ವ ಹತ್ತಿರ ಬಂದು, ಒಳಗೆ ಏನಿಟ್ಟೀಯವ್ವಾ ಎಂದು ಮೆಲ್ಲಗೆ ಕೇಳಿದಳು.



“ದಾರಿ ಮಾಡೇವ್ರಿ,” ಎಂದಳು ಬದರುನ್ನಿಸಾ. “ಕರೆಂಟ್ ಹಾಯಾಕ ಸಣ್ಣ ಸಣ್ಣ ದಾರಿ.”

ಕಲ್ಲಯ್ಯನವರು ಯಂತ್ರದ ಎದುರು ನಿಂತು, ಧೋತರದ ಚುಂಗು ಎಷ್ಟು ಹಾರುತ್ತದೆಂದು ನೋಡುತ್ತಿದ್ದರು. ಇನ್ನೊಂದು ಸ್ವಲ್ಪ ಏರಿಸಲು ಕೈಸನ್ನೆ ಮಾಡಿದರು. ಬದರುನ್ನಿಸಾ ಮತ್ತೆ ಗುಂಡಿಗೆ ಕೈ ಹಾಕಿದಳು. ಚುಂಗು ಇನ್ನಷ್ಟು ಹಾರುವವರೆಗೆ ಮೆಲ್ಲಗೆ ತಿರುವಿದಳು.